ಸವೆದ ಸದ್ದಿನಲ್ಲಿ ನೆನಪು ಹೆಚ್ಚು ಕೇಳುವುದೇಕೆ? ಜೊತೆಗೆ, ಅಜ್ಜನ ದುಡಿಕೊಟ್ಟ್ ಪಾಟ್ ಕ್ಯಾಸೆಟ್ಟಿನ ಬಗ್ಗೆ ಸಲಹೆ ಬೇಕು

ನಾಪೋಕ್ಲು ಕೇಳುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕೆಲವು ವರ್ಷಗಳಿಂದ ನಾನು ಆಂಬಿಯೆಂಟ್ ಸಂಗೀತವನ್ನು (ಹಿನ್ನೆಲೆಯ ವಾತಾವರಣದಂತೆ ಹರಡಿಕೊಳ್ಳುವ ನಿಧಾನದ ಸಂಗೀತ), ಅದರಲ್ಲೂ ಹಳೆಯ ಟೇಪು ಮತ್ತು ಗ್ರಾಮಫೋನ್ ತಟ್ಟೆಗಳ ಸವಕಲು ಸದ್ದಿನಿಂದ ಕಟ್ಟಿದ ಕೃತಿಗಳನ್ನು ಕೇಳುತ್ತಿದ್ದೇನೆ. ಅಮೆರಿಕದ ಸಂಗೀತಗಾರ ವಿಲಿಯಂ ಬಸಿನ್ಸ್ಕಿಯವರ 'ಡಿಸಿಂಟಿಗ್ರೇಷನ್ ಲೂಪ್ಸ್' ಇವುಗಳಲ್ಲಿ ನನಗೆ ಬಹಳ ಹತ್ತಿರವಾದದ್ದು. 1980ರ ದಶಕದ ಆರಂಭದಲ್ಲಿ ತಾವೇ ಮಾಡಿಟ್ಟಿದ್ದ ಟೇಪಿನ ಲೂಪುಗಳನ್ನು (ತುದಿಗೆ ತುದಿ ಜೋಡಿಸಿ ಸುತ್ತುತ್ತಲೇ ಇರುವಂತೆ ಮಾಡಿದ ತುಂಡುಗಳನ್ನು) ಅವರು 2001ರಲ್ಲಿ ಡಿಜಿಟಲ್ ರೂಪಕ್ಕೆ ಇಳಿಸುತ್ತಿದ್ದಾಗ, ಟೇಪಿನ ಮೇಲಿನ ಕಬ್ಬಿಣದ ಆಕ್ಸೈಡಿನ ಲೇಪ ಸುತ್ತು ಸುತ್ತಿಗೂ ಉದುರುತ್ತ ಹೋಯಿತು. ಮೊದಲ ಭಾಗ ಒಂದು ಗಂಟೆಗೂ ಮಿಕ್ಕಿದ್ದು, ಅಷ್ಟೂ ಹೊತ್ತು ಒಂದೇ ಪುಟ್ಟ ಸ್ವರಗುಚ್ಛ ಮರಳಿ ಮರಳಿ ಬಂದು, ಪ್ರತಿ ಬಾರಿಯೂ ಸ್ವಲ್ಪ ಸ್ವಲ್ಪವೇ ಕಳೆದುಹೋಗುತ್ತದೆ.

ಆ ಸ್ವರಗಳಿಗೂ ನನ್ನ ಬದುಕಿಗೂ ಯಾವ ಸಂಬಂಧವೂ ಇಲ್ಲ. ಆದರೂ ಅದನ್ನು ಕೇಳುವಾಗ ನನ್ನ ಮನಸ್ಸಿಗೆ ಬರುವುದು ಕೊಡಗಿನಲ್ಲಿರುವ ನಮ್ಮ ಐನ್‌ಮನೆಯ (ಕುಲದ ಮೂಲಮನೆಯ) ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆ, ಅಲ್ಲಿನ ದೀಪ, ಈಗ ಇಲ್ಲದಿರುವ ಹಿರಿಯರು. ಪರಿಚಿತ ಹಾಡೊಂದು ಹೀಗೆ ಮಾಡಿದರೆ ಅರ್ಥವಾಗುತ್ತದೆ. ಮಾತೂ ಇಲ್ಲದ, ನಮ್ಮದೂ ಅಲ್ಲದ ಸದ್ದು ಇದನ್ನು ಹೇಗೆ ಸಾಧಿಸುತ್ತದೆ ಎಂಬುದೇ ನನ್ನ ಮೊದಲ ಪ್ರಶ್ನೆ.

ಎರಡನೆಯ ಪ್ರಶ್ನೆ ಇದಕ್ಕೆ ಅಂಟಿಕೊಂಡೇ ಇದೆ. ನನ್ನ ಅಜ್ಜ ಮತ್ತು ಇನ್ನು ಮೂವರು ಪುತ್ತರಿ ಸುಗ್ಗಿ ಹಬ್ಬದ ಸಮಯದಲ್ಲಿ ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದು ಹಾಡಿದ ದುಡಿಕೊಟ್ಟ್ ಪಾಟಿನ (ದುಡಿಯ ಜೊತೆಗಿನ ಕೊಡವ ಹಾಡಿನ) ಒಂದು ಕ್ಯಾಸೆಟ್ಟು ನಮ್ಮಲ್ಲಿದೆ. ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಕಾಣಿಸಿಕೊಂಡಿದೆ. ಡಿಜಿಟಲ್ ಮಾಡಿಕೊಡುವವರೊಬ್ಬರು ಗೊರಗೊರ ಸದ್ದನ್ನೆಲ್ಲ ತೆಗೆದು ಹೊಸದರಂತೆ ಮಾಡಿಕೊಡುವುದಾಗಿ ಹೇಳುತ್ತಾರೆ. ಒಪ್ಪಲು ನನಗೆ ಮನಸ್ಸಾಗುತ್ತಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಸೋಮವಾರಪೇಟೆ ಧ್ವನಿಮುದ್ರಕ

ಎರಡನೆಯ ಪ್ರಶ್ನೆಯೇ ತುರ್ತಿನದ್ದಾದ್ದರಿಂದ ಅದನ್ನು ಮೊದಲು ಎತ್ತಿಕೊಳ್ಳುತ್ತೇನೆ. ಆ ಕ್ಯಾಸೆಟ್ಟನ್ನು ದಯವಿಟ್ಟು ಯಾವ ಟೇಪ್ ರೆಕಾರ್ಡರಿನಲ್ಲಿಯೂ ಹಾಕಬೇಡಿ. ಬೂಷ್ಟು ಹಿಡಿದ ಟೇಪು ಓಡಿದರೆ ಹೆಡ್ಡಿಗೂ ರೋಲರಿಗೂ ಅದೇ ಬೂಷ್ಟು ಅಂಟಿಕೊಳ್ಳುತ್ತದೆ, ಟೇಪಿನ ಪದರಗಳು ಒಂದಕ್ಕೊಂದು ಅಂಟಿದ್ದರೆ ಲೇಪವೇ ಕಿತ್ತುಬರಬಹುದು. ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿದ ಬಿಗಿ ಡಬ್ಬಿಯಲ್ಲಿಟ್ಟು ನಿಧಾನವಾಗಿ ಒಣಗಲು ಬಿಡಿ. ನಮ್ಮ ಮಳೆಗಾಲದಲ್ಲಿ ಬಟ್ಟೆಯಿಂದ ಹಿಡಿದು ಎಲ್ಲವನ್ನೂ ಒಲೆಯ ಮೇಲೆ ಒಣಗಿಸುವ ರೂಢಿ ಇರುವುದರಿಂದ ಹೇಳುತ್ತಿದ್ದೇನೆ: ಇದನ್ನು ಒಲೆಯ ಹತ್ತಿರಕ್ಕೂ ಒಯ್ಯಬೇಡಿ. ಬಿಸಿಯಲ್ಲಿಟ್ಟು ಟೇಪನ್ನು ಸರಿಪಡಿಸುವ ಒಂದು ವಿಧಾನವಿದೆ, ನಿಜ. ಆದರೆ ಅದು ಮುಖ್ಯವಾಗಿ 1970–80ರ ದಶಕಗಳ ಕೆಲವು ಬಗೆಯ ಸ್ಟುಡಿಯೋ ಟೇಪುಗಳಿಗೆ, ಅಂಟು ತೇವ ಹೀರಿ ಜಿಗುಟಾದಾಗ, ಉಷ್ಣತೆಯನ್ನು ನಿಯಂತ್ರಿಸಿ ಮಾಡುವಂಥದ್ದು. ಒಣಗಿದ ಮೇಲೆ ಬಲ್ಲವರ ಕೈಯಿಂದ ಬೂಷ್ಟನ್ನು ಒರೆಸಿಸಿ, ಸುರುಳಿಯನ್ನು ಹೊಸ ಕ್ಯಾಸೆಟ್ ಕವಚಕ್ಕೆ ವರ್ಗಾಯಿಸಿ, ಹೆಡ್ಡಿನ ಕೋನವನ್ನು ಈ ಟೇಪಿಗೆ ಹೊಂದಿಸಿ, 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಡಬ್ಲ್ಯೂಎವಿ ಕಡತವಾಗಿ ಇಳಿಸಿಕೊಳ್ಳಿ. ಆ ಕಡತವನ್ನು ಯಾರೂ ಮುಟ್ಟಬಾರದು. ಸದ್ದು ತೆಗೆಯುವುದೇನಿದ್ದರೂ ಅದರ ಪ್ರತಿಯ ಮೇಲೆ ನಡೆಯಲಿ.

ಗೊರಗೊರ ಸದ್ದನ್ನು ಪೂರ್ತಿ ತೆಗೆಯುವುದಕ್ಕೆ ನನ್ನ ವಿರೋಧ ಭಾವುಕತೆಯಿಂದ ಬಂದದ್ದಲ್ಲ. ದುಡಿಯ ಚರ್ಮಕ್ಕೆ ಕೋಲು ತಾಗುವ ಕ್ಷಣದ ಚುರುಕು, ಹಾಡುವವರು ಸಾಲಿನ ಕೊನೆಯಲ್ಲಿ ಎಳೆದುಕೊಳ್ಳುವ ಉಸಿರು, ಇವೆರಡೂ ಟೇಪಿನ ಹಿಸ್ (ಸುಯ್ ಎನ್ನುವ ಸದ್ದು) ಇರುವ ಮೇಲಿನ ಕಂಪನಗಳಲ್ಲಿಯೇ ಬಹುಮಟ್ಟಿಗೆ ಇರುತ್ತವೆ. ತಂತ್ರಾಂಶ ಹಿಸ್ಸನ್ನು ಒರೆಸುವಾಗ ಇವುಗಳನ್ನೂ ಒರೆಸುತ್ತದೆ. ಉಳಿಯುವುದು ನೀರಿನೊಳಗಿಂದ ಬಂದಂಥ ದನಿ.

ಬಸಿನ್ಸ್ಕಿಯವರ ಕೃತಿಯ ಬಗ್ಗೆ ಒಂದು ಮಾತು. ಟೇಪು ಉದುರುತ್ತಿದ್ದಾಗ ಪಕ್ಕದಲ್ಲಿ ಡಿಜಿಟಲ್ ಮುದ್ರಣ ಓಡುತ್ತಿತ್ತು ಎಂಬುದೇ ಅದರ ಮುಖ್ಯ ಸಂಗತಿ. ಅದು ಓಡದೆ ಇದ್ದಿದ್ದರೆ ನಮ್ಮ ಕೈಗೆ ಸಿಗುತ್ತಿದ್ದುದು ಪ್ಲಾಸ್ಟಿಕ್ ಪಟ್ಟಿ ಮತ್ತು ಒಂದಿಷ್ಟು ಕಂದು ಪುಡಿ ಮಾತ್ರ. ಅಲ್ಲಿ ನಾವು ಕೇಳುತ್ತಿರುವುದು ಉಳಿಸಿಕೊಂಡ ನಾಶವನ್ನು.

ಪೊನ್ನಂಪೇಟೆ ಓದುಗಿ

ಮೊದಲ ಪ್ರಶ್ನೆಗೆ ನನಗೆ ತೋಚಿದ್ದನ್ನು ಬರೆಯುತ್ತೇನೆ. ಪರಿಚಿತ ಹಾಡು ನೆನಪನ್ನು ಎಬ್ಬಿಸುವಾಗ ಮಿದುಳಿನ ಮುಂಭಾಗದ ಒಳಮಗ್ಗುಲು ಚುರುಕಾಗುವುದನ್ನು ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಪೆಟ್ರ್ ಜನಾಟಾ 2009ರಲ್ಲಿ ತೋರಿಸಿದ್ದಾರೆ. ಅಂಥ ಹಾಡು ನಮ್ಮನ್ನು ನೇರವಾಗಿ ಒಂದು ಮದುವೆಗೋ, ಒಂದು ಬಸ್ಸಿನ ಪ್ರಯಾಣಕ್ಕೋ ಕರೆದೊಯ್ಯುತ್ತದೆ. ಆಂಬಿಯೆಂಟ್ ಸಂಗೀತಕ್ಕೆ ಹೀಗೆ ಕರೆದೊಯ್ಯುವ ಗುರಿಯಿಲ್ಲ. 1978ರಲ್ಲಿ ಬ್ರಿಟಿಷ್ ಸಂಗೀತಗಾರ ಬ್ರಯಾನ್ ಈನೋ 'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್' ಜೊತೆ ಬರೆದ ಟಿಪ್ಪಣಿಯಲ್ಲಿ, ಈ ಸಂಗೀತ ಗಮನ ಕೊಟ್ಟರೆ ಆಸಕ್ತಿ ಹುಟ್ಟಿಸುವಷ್ಟೇ ಗಮನ ಕೊಡದಿರಲೂ ಅವಕಾಶ ಕೊಡಬೇಕು ಎಂಬರ್ಥದ ಮಾತು ಹೇಳಿದ್ದಾರೆ. ಆ ಬಿಡುವಿನಲ್ಲಿ ಕೇಳುಗನ ಸ್ವಂತದ್ದು ಬಂದು ಕೂರುತ್ತದೆ ಎಂದು ನನ್ನ ಅನಿಸಿಕೆ. ಅದಕ್ಕೆ ಸವಕಲೂ ಸೇರಿದಾಗ, ನಿನ್ನೆ ಇದ್ದದ್ದು ಇಂದು ಇಲ್ಲ ಎಂಬ ಭಾವವನ್ನು ಸಂಗೀತ ಹೇಳದೆಯೇ ಮಾಡಿ ತೋರಿಸುತ್ತದೆ. ಬಾಳೋಪಾಟಿನಲ್ಲಿ (ಕೊಡವರ ಸಾಂಪ್ರದಾಯಿಕ ಹಾಡಿನಲ್ಲಿ) ಇಬ್ಬರು ಹಾಡಿದ ಸಾಲನ್ನು ಇನ್ನಿಬ್ಬರು ಎತ್ತಿಕೊಳ್ಳುವ ಪದ್ಧತಿಯಲ್ಲಿ ಬೆಳೆದವರಿಗೆ ಮರುಕಳಿಕೆ ಬೇಸರವೆನಿಸದು. ಎರಡನೆಯ ಬಾರಿ ಬಂದ ಸಾಲಿನಲ್ಲಿ ಏನು ಬದಲಾಯಿತೆಂದು ಕಿವಿ ತಾನಾಗಿಯೇ ಹುಡುಕುತ್ತದೆ.

ಒಂದು ಎಚ್ಚರವನ್ನೂ ಹೇಳಬೇಕು. ಇದೇ ಸಾಲಿನಲ್ಲಿ ಬಹಳ ಜನ ಕೇಳುವ ಇನ್ನೊಂದು ಕೃತಿ, 2016ರಿಂದ 2019ರವರೆಗೆ ಆರು ಹಂತಗಳಲ್ಲಿ ಬಂದ, 'ದಿ ಕೇರ್‌ಟೇಕರ್' ಹೆಸರಿನಲ್ಲಿ ಲೇಲ್ಯಾಂಡ್ ಕರ್ಬಿ ಮಾಡಿದ 'ಎವ್ರಿವೇರ್ ಅಟ್ ದಿ ಎಂಡ್ ಆಫ್ ಟೈಮ್'. ಹಳೆಯ ಬಾಲ್‌ರೂಮ್ ತಟ್ಟೆಗಳ ಸಂಗೀತವನ್ನು ಆರೂವರೆ ಗಂಟೆಗಳಲ್ಲಿ ಒಡೆದು ಚೂರು ಮಾಡುತ್ತ, ಮರೆಗುಳಿ ಕಾಯಿಲೆಯ ಹಂತಗಳನ್ನು ಅದು ಸೂಚಿಸುತ್ತದೆ. ನನಗೆ ಅದು ದೊಡ್ಡ ಕೃತಿಯೇ. ಆದರೆ ರೋಗಿಯ ಒಳಗಿನ ಲೋಕ ಹೀಗೆಯೇ ಇರುತ್ತದೆಂದು ತಿಳಿಯುವುದು ಸರಿಯಲ್ಲ. ಸಂಗೀತದ ನೆನಪಿಗೆ ಸಂಬಂಧಿಸಿದ ಮಿದುಳಿನ ಕೆಲವು ಭಾಗಗಳು ಆಲ್ಝೈಮರ್ ಕಾಯಿಲೆಯಲ್ಲಿ ಉಳಿದವುಗಳಿಗಿಂತ ಕಡಿಮೆ ಹಾನಿಗೊಳಗಾಗುತ್ತವೆ ಎಂದು 2015ರಲ್ಲಿ 'ಬ್ರೇನ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಹೇಳುತ್ತದೆ. ನನ್ನ ಅತ್ತೆ ನನ್ನ ಹೆಸರನ್ನು ಮರೆತಿದ್ದರು. ಮೊದಲ ಸಾಲನ್ನು ನಾವು ಹಾಡಿದರೆ ಮುಂದಿನದ್ದನ್ನು ಅವರೇ, ತಾಳ ತಪ್ಪದೆ, ಬೆರಳಿನಿಂದ ಮಂಚದ ಅಂಚನ್ನು ಬಡಿಯುತ್ತ ಮುಗಿಸುತ್ತಿದ್ದರು. ಹಾಡು ಎಲ್ಲಕ್ಕಿಂತ ಕೊನೆಗೆ ಹೋಯಿತು.

ಮಕ್ಕಂದೂರು ಕಡೆಯವನು

ಮೇಲಿನವರ ಮಾತುಗಳನ್ನು ಗೌರವದಿಂದಲೇ ಓದಿದ್ದೇನೆ, ಆದರೂ ಒಂದು ಕಡೆ ನನ್ನ ಮನಸ್ಸು ಒಪ್ಪುವುದಿಲ್ಲ. ನಾಶವೆಂಬುದು ಒಂದು ಗಂಟೆಯ ಕಾಲ ಮೆಲ್ಲಮೆಲ್ಲನೆ ಸವೆಯುವಂಥದ್ದು ಎಂಬ ಕಲ್ಪನೆಯೇ ಒಂದು ಸವಲತ್ತು. 2018ರ ಆಗಸ್ಟಿನಲ್ಲಿ ನಮ್ಮ ಕಡೆ ಗುಡ್ಡ ಜರಿದಾಗ ಮನೆ, ತೋಟ, ಮನೆಯೊಳಗಿದ್ದ ಫೋಟೋ, ಕ್ಯಾಸೆಟ್ಟು, ಪತ್ರ ಎಲ್ಲವೂ ಒಮ್ಮೆಲೇ ಹೋದವು. ಮಳೆಯ ಸದ್ದನ್ನು ಹಾಸಿ ಮಾಡಿದ ಆಂಬಿಯೆಂಟ್ ಧ್ವನಿಮುದ್ರಣಗಳನ್ನು ಜನ ನಿದ್ರೆಗೆ ಹಾಕಿಕೊಳ್ಳುತ್ತಾರೆ. ಶೀಟಿನ ಮೇಲೆ ರಾತ್ರಿಯಿಡೀ ಬಿಡದೆ ಬೀಳುವ ಮಳೆಗೆ ನಮ್ಮಲ್ಲಿ ಇಂದಿಗೂ ಎದ್ದು ಕೂರುವವರಿದ್ದಾರೆ. ಹಾಗಾಗಿ ಸದ್ದು ನೆನಪನ್ನು ಎಬ್ಬಿಸುತ್ತದೆ ಎಂಬುದು ನಿಜವಾದರೂ, ಎದ್ದು ಬರುವ ನೆನಪು ಯಾವಾಗಲೂ ಹಿತವಾದದ್ದೆಂದು ಈ ಸಂಗೀತದ ಅಭಿಮಾನಿಗಳು ಭಾವಿಸಬಾರದು.

ಆದರೂ ಆ ಲೂಪುಗಳನ್ನು ನಾನು ಕೇಳದೆ ಬಿಟ್ಟಿಲ್ಲ. ಟೇಪು ಸವೆದದ್ದು ನ್ಯೂಯಾರ್ಕಿನ ಗೋಪುರಗಳು ಬೀಳುವುದಕ್ಕಿಂತ ಮೊದಲು. ಸೆಪ್ಟೆಂಬರ್ 11ರಂದು ಬಸಿನ್ಸ್ಕಿ ಬ್ರೂಕ್ಲಿನ್ನಿನ ತಮ್ಮ ಮಾಳಿಗೆಯಿಂದ ಆ ಹೊಗೆಯನ್ನು ಚಿತ್ರೀಕರಿಸಿದರು; ಕೃತಿಯನ್ನು ಅಂದು ಸತ್ತವರಿಗೆ ಅರ್ಪಿಸಿದರು. ನಿಧಾನದ ಸವೆತಕ್ಕೂ ಒಂದು ಬೆಳಗಿನ ನಾಶಕ್ಕೂ ಕಾರಣದ ಸಂಬಂಧ ಏನೂ ಇಲ್ಲ. ಒಮ್ಮೆಲೇ ಕಳೆದುಕೊಂಡವರಿಗೆ ಸಿಗದೆ ಹೋದದ್ದು ಬೀಳ್ಕೊಡುವ ಹೊತ್ತು. ಅದನ್ನು ಆ ಸಂಗೀತ ತಡವಾಗಿ ಕೊಟ್ಟಿತು ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ನಿಮ್ಮ ಕ್ಯಾಸೆಟ್ಟಿಗೆ ಮಾತ್ರ ಸವೆತದ ಸೌಂದರ್ಯವನ್ನು ಹಚ್ಚಬೇಡಿ, ಬೇಗ ಉಳಿಸಿಕೊಳ್ಳಿ.

ನಾಪೋಕ್ಲು ಕೇಳುಗ

ಮೂವರಿಗೂ ಕೃತಜ್ಞತೆಗಳು. ಮಕ್ಕಂದೂರಿನವರ ಮಾತು ಓದಿದ ಮೇಲೆ ನನ್ನ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳುವುದು ಸರಿ ಎನಿಸಿದೆ. ಕ್ಯಾಸೆಟ್ಟು ಈಗ ಸಿಲಿಕಾ ಜೆಲ್ಲಿನ ಡಬ್ಬಿಯಲ್ಲಿದೆ, ಮೂಲ ಕಡತವನ್ನು ಹಾಗೆಯೇ ಇಡಿಸುತ್ತೇನೆ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಜನಪದದ ಸಂಗ್ರಹವಾದ 'ಪಟ್ಟೋಲೆ ಪಳಮೆ'ಯಲ್ಲಿ ಇಂಥ ಹಾಡುಗಳನ್ನು ಬರಹಕ್ಕಿಳಿಸಿದ್ದರಿಂದ ಪದಗಳನ್ನು ಹೋಲಿಸಿ ನೋಡಲು ಒಂದು ಆಧಾರವಿದೆ. ದನಿಗೆ ಇರುವ ಆಧಾರ ಈ ಟೇಪು ಒಂದೇ. ಚೀಟಿಯ ಮೇಲೆ ಅಜ್ಜನ ಹೆಸರು ಬಿಟ್ಟರೆ ಬೇರೆ ಏನೂ ಬರೆದಿಲ್ಲ. 1980ರ ದಶಕದಲ್ಲಿ ನಾಪೋಕ್ಲು, ಕಕ್ಕಬ್ಬೆ ಭಾಗದಲ್ಲಿ ಪುತ್ತರಿಗೆ ದುಡಿ ಹಿಡಿದು ಮನೆಮನೆಗೆ ಹೋಗುತ್ತಿದ್ದ ಹಾಡುಗಾರರ ದನಿಯನ್ನು ಗುರುತಿಸಬಲ್ಲ ಹಿರಿಯರು ನಿಮ್ಮ ಮನೆಗಳಲ್ಲಿ ಇದ್ದರೆ ತಿಳಿಸಿ. ಕಡತ ಸಿದ್ಧವಾದ ಕೂಡಲೇ ಅವರಿದ್ದಲ್ಲಿಗೆ ನಾನೇ ತಂದು ಕೇಳಿಸುತ್ತೇನೆ.