ತಲೆ ಎತ್ತರದ ಕಿಕ್ ಹೊಡೆಯುವಾಗ ಕೈ ಎಲ್ಲಿರಬೇಕು?

ಪ್ರಶ್ನೆ: ನಮಸ್ಕಾರ ಮಾಸ್ಟರ್. ಟೇಕ್ವಾಂಡೋ ಕಲಿಯಲು ಶುರು ಮಾಡಿ ಒಂದೂವರೆ ವರ್ಷ ಆಯ್ತು. ಪ್ಯಾಡ್ ಮೇಲೆ ತಲೆ ಎತ್ತರದ ಕಿಕ್ ಚೆನ್ನಾಗಿಯೇ ಬರುತ್ತದೆ. ಸ್ಪಾರಿಂಗ್‌ನಲ್ಲಿ ಮಾತ್ರ ಒಂದೂ ತಾಗುವುದಿಲ್ಲ. ಕಾಲು ಎತ್ತಿದ ಕೂಡಲೇ ಎದುರಿನವರು ಹೊಟ್ಟೆಗೆ ಹೊಡೆಯುತ್ತಾರೆ. ಒಬ್ಬ ಸೀನಿಯರ್ ‘ಕೈ ಮೇಲಿಟ್ಟುಕೋ’ ಅನ್ನುತ್ತಾರೆ. ಇನ್ನೊಬ್ಬರು ‘ಮುಖಕ್ಕೆ ಗುದ್ದುವ ಹಾಗಿಲ್ಲ, ಕೈ ಕೆಳಗಿದ್ದರೂ ನಡೆಯುತ್ತದೆ’ ಅನ್ನುತ್ತಾರೆ. ಎತ್ತರದ ಕಿಕ್ ಬಿಟ್ಟೇಬಿಡಲಾ?

ಉತ್ತರ: ಬಿಡಬೇಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಗುದ್ದಿಗೆ 1, ಮೈಗೆ ಬಿದ್ದ ಕಿಕ್‌ಗೆ 2, ತಲೆಗೆ 3 ಪಾಯಿಂಟ್ ಇತ್ತು. ಆ 3 ಪಾಯಿಂಟ್‌ಗಾಗಿ ಕಲಿಯಲೇಬೇಕು.

ನಿಮ್ಮ ಕಿಕ್ ತಾಗದಿರುವುದು ಎತ್ತರ ಸಾಲದೆ ಅಲ್ಲ, ಬರುವುದು ಮೊದಲೇ ಗೊತ್ತಾಗಿಬಿಡುತ್ತದೆ. ಪ್ಯಾಡ್ ಅಲ್ಲೇ ನಿಂತಿರುತ್ತದೆ, ಮನುಷ್ಯ ನಿಲ್ಲುವುದಿಲ್ಲ. ಹೆಚ್ಚಿನವರು ಮೇಲಕ್ಕೆ ಹೊಡೆಯುವ ಮೊದಲು ಭುಜ ಹಿಂದಕ್ಕೆ ವಾಲಿಸಿ, ಎರಡೂ ಕೈ ಕೆಳಕ್ಕೆ ಬೀಸುತ್ತಾರೆ. ಅದನ್ನು ನೋಡಿಯೇ ಎದುರಿನವರು ಬೆನ್ನು ತಿರುಗಿಸಿ ಬ್ಯಾಕ್ ಕಿಕ್ ಹಾಕುತ್ತಾರೆ. ನಿಮ್ಮ ಹೊಟ್ಟೆಗೆ ಬೀಳುತ್ತಿರುವುದೂ ಅದೇ ಇರಬೇಕು.

ಮೊದಲು ದೋಲ್ಯೋ ಚಾಗಿಯನ್ನು (ಪಕ್ಕದಿಂದ ಸುತ್ತಿ ಬರುವ ಕಿಕ್) ಎರಡು ಸಲ ಮೈಗೇ ಹೊಡೆಯಿರಿ. ಪಾಯಿಂಟ್ ಬರದಿದ್ದರೂ ಪರವಾಗಿಲ್ಲ. ಅವರ ಮೊಣಕೈ ಪಕ್ಕೆಲುಬಿಗೆ ಇಳಿಯುತ್ತದೆ, ಕಣ್ಣೂ ಕೆಳಗೆ ಬರುತ್ತದೆ. ಮೂರನೇ ಸಲ ಮಂಡಿಯನ್ನು ಅದೇ ರೀತಿ ಎತ್ತಿ, ಕೊನೆಯಲ್ಲಿ ಪಾದವನ್ನು ಮಾತ್ರ ತಲೆಗೆ ತಿರುಗಿಸಿ. ಮುಂದಿನ ಕಾಲಿನಿಂದ ಹೊಡೆದರೆ ಇನ್ನೂ ಒಳ್ಳೆಯದು, ಹತ್ತಿರದ ದಾರಿ.

ಕೈ ವಿಷಯಕ್ಕೆ ಬಂದರೆ, ಇಬ್ಬರ ಮಾತಲ್ಲೂ ಅರ್ಧ ನಿಜ ಇದೆ. ನಮ್ಮ ಒಲಿಂಪಿಕ್ ಶೈಲಿಯಲ್ಲಿ ಮುಖಕ್ಕೆ ಗುದ್ದು ಇಲ್ಲ, ಹಾಗಾಗಿ ಬಾಕ್ಸಿಂಗ್ ಥರ ಗಲ್ಲಕ್ಕೆ ಅಂಟಿಸಿಕೊಂಡು ನಿಂತರೆ ಪಕ್ಕೆ ಖಾಲಿ ಬೀಳುತ್ತದೆ. ದೂರದಲ್ಲಿರುವಾಗ ಕೈ ಸಡಿಲವಾಗಿ ಎದೆ ಹತ್ತಿರ ಇರಲಿ. ಆಗ ನಿಮ್ಮನ್ನು ಕಾಯುವುದು ಪಾದ. ಆದರೆ ಕಾಲು ಎತ್ತಿದ ಕ್ಷಣದಿಂದ ಅದು ನೆಲ ಮುಟ್ಟುವವರೆಗೆ ನೀವು ಓಡಲಾಗುವುದಿಲ್ಲ ಅಲ್ವಾ? ಆಗ ಕಾಯಲು ಕೈ ಮಾತ್ರ ಇರುತ್ತದೆ. ಒಂದು ಮುಂಗೈ ಪಕ್ಕೆಗೆ ಅಡ್ಡ, ಇನ್ನೊಂದು ಮುಖದ ಪಕ್ಕ.

ಪ್ರಶ್ನೆ: ಕೈ ಮೇಲಿಟ್ಟರೆ ಸಮತೋಲನ ತಪ್ಪಿ ಬೀಳುತ್ತೇನೆ ಮಾಸ್ಟರ್.

ಉತ್ತರ: ಬಿದ್ದರೆ ಗಮ್‌ಜೋಮ್, ಅಂದರೆ ದಂಡ; ಎದುರಿನವರಿಗೆ ಸುಮ್ನೆ ಒಂದು ಪಾಯಿಂಟ್. ನಿಂತ ಕಾಲಿನ ಹಿಮ್ಮಡಿಯನ್ನು ಗುರಿಯ ಕಡೆಗೆ ಪೂರ್ತಿ ತಿರುಗಿಸುತ್ತಿದ್ದೀರಾ ನೋಡಿ. ಅದು ತಿರುಗದಿದ್ದರೆ ಸೊಂಟ ತೆರೆಯುವುದಿಲ್ಲ, ಆಗ ಮೈ ಕೈಯ ಸಹಾಯ ಕೇಳುತ್ತದೆ. ಗೋಡೆ ಹಿಡಿದು ನಿಧಾನವಾಗಿ ಕಾಲು ಎತ್ತಿ, ಐದು ಎಣಿಸುವವರೆಗೆ ನಿಲ್ಲಿಸಿ. ಆಮೇಲೆ ಗೋಡೆ ಬಿಟ್ಟು, ಕೈ ಗಾರ್ಡ್‌ನಲ್ಲೇ ಇಟ್ಟು ಮಾಡಿ.

ಇನ್ನೊಬ್ಬರ ಪ್ರಶ್ನೆ: ನಮ್ಮದು ಐಟಿಎಫ್ (ಇಂಟರ್‌ನ್ಯಾಷನಲ್ ಟೇಕ್ವಾಂಡೋ ಫೆಡರೇಷನ್) ಶೈಲಿ. ನಮಗೂ ಇದೇನಾ?

ಉತ್ತರ: ಇಲ್ಲ. ನಿಮ್ಮಲ್ಲಿ ಕೈಯಿಂದ ಮುಖಕ್ಕೂ ಹೊಡೆಯಬಹುದು. ಗಲ್ಲದ ಹತ್ತಿರ ಗಾರ್ಡ್ ಇರಲೇಬೇಕು. ಎತ್ತರದ ಕಿಕ್ ಹೊಡೆದು ಹತ್ತಿರ ಇಳಿದರೆ ಗುದ್ದು ಕಾದಿರುತ್ತದೆ.

ಎಲ್ಲರಿಗೂ ಒಂದು ಮಾತು: ಕಿಕ್ ತಡೆಯುವಾಗ ಬೆರಳು ಬಿಡಿಸಿ ಹಿಡಿಯಬೇಡಿ. ನಾನು ಹಾಗೆ ಮಾಡಿ ಉಂಗುರ ಬೆರಳು ಮುರಿದುಕೊಂಡೆ, ಈಗಲೂ ಪೂರ್ತಿ ಮಡಚುವುದಿಲ್ಲ. ಮುಷ್ಟಿ ಮುಚ್ಚಿ, ಮುಂಗೈಯಲ್ಲಿ ತಡೆಯಿರಿ. ಅಭ್ಯಾಸಕ್ಕೂ ಗ್ಲೌಸ್ ಮತ್ತು ಮುಂಗೈ ಗಾರ್ಡ್ ಹಾಕಿಕೊಳ್ಳಿ.