60 ಮೀಟರ್ ಬೇಲಿ, ಗರಿಷ್ಠ ವಿಸ್ತೀರ್ಣ: ನನಗೆ 450 ಬರುತ್ತಿದೆ, ಹಾಳೆಯಲ್ಲಿ 432!

ಬೇಲಿ_ಅಪ್ಪ: ತಲೆ ಕೆಟ್ಟುಹೋಗಿದೆ. ಮಗಳು ಹತ್ತನೇ ಕ್ಲಾಸು, ಕ್ಯಾಲ್ಕುಲಸ್ ಇನ್ನೂ ಕಲಿತಿಲ್ಲ. 60 ಮೀಟರ್ ತಂತಿ ಬೇಲಿ ಇದೆ. ಆಯತಾಕಾರದ ಜಾಗಕ್ಕೆ ಒಂದು ಕಡೆ ಗೋಡೆ, ಉಳಿದ ಮೂರು ಕಡೆ ಬೇಲಿ. ಅತಿ ಜಾಸ್ತಿ ವಿಸ್ತೀರ್ಣ ಎಷ್ಟು? ಗೋಡೆಯಿಂದ ಮುಂದಕ್ಕೆ ಬರುವ ಅಗಲಕ್ಕೆ 'ಅ' ಅಂತ ಇಟ್ಟೆ. ವಿಸ್ತೀರ್ಣ ಅ(60 − 2ಅ). ಕ್ಯಾಲ್ಕುಲಸ್‌ನ ಡೆರಿವೇಟಿವ್ ತೆಗೆದರೆ ಅ = 15, ವಿಸ್ತೀರ್ಣ 450. ಹಾಳೆಯ ಹಿಂದೆ 432 ಅಂತಿದೆ. ಕ್ಯಾಲ್ಕುಲಸ್ ಇಲ್ಲದೆ ಮಾಡಿದರೆ ಉತ್ತರ ಬೇರೆ ಬರುತ್ತದಾ? ನಾಳೆ ಟೆಸ್ಟು, ಬೇಗ ಹೇಳಿ.

ಟ್ಯೂಷನ್_ಮೇಷ್ಟ್ರು: ಯಾವ ದಾರಿಯಲ್ಲಿ ಹೋದರೂ ಉತ್ತರ ಒಂದೇ ಸರ್. ವರ್ಗ ಪೂರ್ಣಗೊಳಿಸಿ ನೋಡಿ.
60ಅ − 2ಅ² = −2(ಅ² − 30ಅ)
30ರ ಅರ್ಧ 15, ಅದರ ವರ್ಗ 225. ಒಳಗೆ 225 ಕೂಡಿಸಿ ಕಳೆದರೆ 450 − 2(ಅ − 15)² ಆಗುತ್ತದೆ. ವರ್ಗ ಯಾವತ್ತೂ ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ. ಅ = 15 ಆದಾಗ ಮಾತ್ರ 450ರಿಂದ ಕಳೆಯಲು ಏನೂ ಉಳಿಯುವುದಿಲ್ಲ. 432 ಪ್ರಿಂಟ್ ಮಿಸ್ಟೇಕು.

ಶೋಧಕಪ್ರಿಯ: ಇಷ್ಟೆಲ್ಲ ಯಾಕೆ? ವಿಸ್ತೀರ್ಣ 'ವಿ' ಆಗಿರಲಿ. 2ಅ² − 60ಅ + ವಿ = 0. ಮೂಲಗಳು ವಾಸ್ತವ ಆಗಬೇಕಾದರೆ ಸೂತ್ರದಲ್ಲಿ ವರ್ಗಮೂಲದ ಒಳಗೆ ಬರುವ ಶೋಧಕ 3600 − 8ವಿ ಋಣ ಆಗಬಾರದು. ಅಂದರೆ ವಿ 450 ದಾಟುವಂತಿಲ್ಲ. ಮುಗಿಯಿತು. ಪ್ರಿಂಟ್ ಮಿಸ್ಟೇಕೇ.

ಪಿಯು_ಹುಡುಗ: ಎ ಅಂದರೆ ಅ²ರ ಗುಣಾಂಕ, ಬಿ ಅಂದರೆ 'ಅ'ದ ಗುಣಾಂಕ; ಮೈನಸ್ ಬಿ ಬೈ ಟೂ ಎ ಹಾಕಿ. ಆದರೆ ಅದೂ ಡೆರಿವೇಟಿವ್‌ನಿಂದಲೇ ಬಂದದ್ದು ಅಲ್ವಾ?

ಟ್ಯೂಷನ್_ಮೇಷ್ಟ್ರು: ಅಲ್ಲಪ್ಪ. ಇದರ ಗ್ರಾಫು ಪರವಲಯ (ಪ್ಯಾರಾಬೋಲ), ಎರಡೂ ಬದಿಗೆ ಒಂದೇ ತರ ಇರುತ್ತದೆ. ಇದು ಸೊನ್ನೆ ಆಗುವುದು 0 ಮತ್ತು 30ರಲ್ಲಿ, ನಟ್ಟನಡುವೆ 15. ಯೂಕ್ಲಿಡ್ ಇದೇ ವಿಚಾರವನ್ನು ಬರೀ ರೇಖಾಗಣಿತದಲ್ಲಿ ಸಾಧಿಸಿದ್ದಾನೆ, ಅವನ 'ಎಲಿಮೆಂಟ್ಸ್' ಪುಸ್ತಕದ ಆರನೇ ಭಾಗದ 27ನೇ ಪ್ರಮೇಯ. ಆಗ ಕ್ಯಾಲ್ಕುಲಸ್ ಎಲ್ಲಿತ್ತು?

ಶೋಧಕಪ್ರಿಯ: ಯೂಕ್ಲಿಡ್ ಯಾಕೆ ಬೇಕು? ನಮ್ಮ ಗಣಿತಜ್ಞ ಶ್ರೀಧರಾಚಾರ್ಯರು ಸಮೀಕರಣವನ್ನು ಮೊದಲು 4ಎ ಇಂದ ಗುಣಿಸಿ, ಆಮೇಲೆ ವರ್ಗ ಪೂರ್ಣ ಮಾಡುತ್ತಿದ್ದರು. ಭಿನ್ನರಾಶಿಯ ಕಾಟವೇ ಇಲ್ಲ. ನಮ್ಮ ಬಿಜಾಪುರದ ಭಾಸ್ಕರಾಚಾರ್ಯರೇ ಅವರ ಸೂತ್ರವನ್ನು ಉಲ್ಲೇಖಿಸಿದ್ದಾರೆ.

ಪಿಯು_ಹುಡುಗ: ಭಾಸ್ಕರಾಚಾರ್ಯರು ತಮ್ಮ ಊರು ಅಂತ ಹೇಳಿಕೊಂಡ ವಿಜ್ಜಡವಿಡ ಅಂದರೆ ಬಿಜಾಪುರವೇ ಅಂತ ಎಲ್ಲರೂ ಒಪ್ಪುವುದಿಲ್ಲ. ಮಹಾರಾಷ್ಟ್ರದ ಚಾಳೀಸಗಾಂವ್ ಹತ್ತಿರ ಅನ್ನುವವರೂ ಇದ್ದಾರೆ.

ಶೋಧಕಪ್ರಿಯ: ಅನ್ನುವವರು ಅನ್ನಲಿ ಬಿಡಿ.

ಬೇಲಿ_ಅಪ್ಪ: ಸ್ವಾಮಿ, ನನ್ನ 432?

ಹಳೇ_ಕ್ಯಾಸಿಯೊ: ನನ್ನ ಕ್ಯಾಸಿಯೊ 991ಇಎಕ್ಸ್ ಕ್ಯಾಲ್ಕುಲೇಟರ್‌ನಲ್ಲಿ ಗುಣಾಂಕ ಹಾಕಿ ಈಕ್ವಲ್ ಒತ್ತುತ್ತಾ ಹೋದರೆ ಮೂಲಗಳಾದ ಮೇಲೆ ಗರಿಷ್ಠವೂ ಬರುತ್ತದೆ. ಈಗ ನೋಡಿದೆ, 450.

ಸೊನ್ನೆ: 432 ಅಂದರೆ 12 × 36. ಅ = 12 ಇಟ್ಟರೆ ಸರಿಯಾಗಿ ಅದೇ ಬರುತ್ತದೆ. 18 ಇಟ್ಟರೂ ಬರುತ್ತದೆ. ಪ್ರಿಂಟ್ ಮಿಸ್ಟೇಕು ಇಷ್ಟು ಅಚ್ಚುಕಟ್ಟಾಗಿ ಆಗುವುದಿಲ್ಲ. ಪ್ರಶ್ನೆಯನ್ನು ಇದ್ದ ಹಾಗೇ ಹಾಕಿ ಸರ್.

ಬೇಲಿ_ಅಪ್ಪ: "ಮನೆಯ ಗೋಡೆಯಿಂದ ರಸ್ತೆಯ ತನಕ 12 ಮೀಟರ್ ಖಾಲಿ ಜಾಗವಿದೆ." ಆಮೇಲೆ ನಾನು ಹಾಕಿದ್ದೇ. ಆ ಮೊದಲ ಸಾಲು ಸುಮ್ನೆ ಕಥೆ ಅಲ್ವಾ?

ಸೊನ್ನೆ: ಲೆಕ್ಕ ಇರುವುದೇ ಅದರಲ್ಲಿ! ಅ 12 ದಾಟುವಂತಿಲ್ಲ. ನಿಮ್ಮ 15 ಹೋಗಿ ರಸ್ತೆಯ ಮೇಲೆ ಬಿತ್ತು. ಸೊನ್ನೆಯಿಂದ 12ರ ತನಕ ಪರವಲಯ ಏರುತ್ತಲೇ ಇರುತ್ತದೆ, ಹಾಗಾಗಿ ಗರಿಷ್ಠ ತುದಿಯಲ್ಲೇ ಸಿಗುತ್ತದೆ. ಮಗಳಿಗೆ ಮೇಷ್ಟ್ರ ಸಾಲನ್ನೇ ತೋರಿಸಿ: 450 − 2(12 − 15)² = 450 − 18 = 432. 15ಕ್ಕೆ ಹತ್ತಿರ ಹೋದಷ್ಟೂ ಕಳೆಯುವುದು ಕಡಿಮೆ. ಡೆರಿವೇಟಿವ್ ಮಾಡಿದರೂ ತುದಿಗಳನ್ನು ನೋಡಲೇಬೇಕು.

ಶೋಧಕಪ್ರಿಯ: ನನ್ನ ವಿಧಾನದಲ್ಲೂ ಬರುತ್ತದೆ, ಚಿಕ್ಕ ಮೂಲ 12 ದಾಟಬಾರದು ಅಂತ ಷರತ್ತು ಸೇರಿಸಿದರೆ ಆಯಿತು.

ಟ್ಯೂಷನ್_ಮೇಷ್ಟ್ರು: ಆಗ ಎರಡು ಸಾಲು ಎಂಟಾಗುತ್ತದೆ.

ಹಳೇ_ಕ್ಯಾಸಿಯೊ: 991ಸಿಡಬ್ಲ್ಯೂ ತಗೊಂಡವರು ಯಾರಾದರೂ ಇದ್ದೀರಾ? ಆ ಮೆನುಗೆ ಕೈ ಒಗ್ಗುತ್ತದಾ?

ಪಿಯು_ಹುಡುಗ: ನನ್ನದು ಅಣ್ಣನ 991ಎಂಎಸ್. ಕೀಗಳ ಮೇಲಿನ ಅಂಕಿ ಅಳಿಸಿಹೋಗಿದೆ, ಓಡುತ್ತಿದೆ.