ಊತ ಇಳಿಯಲು "ಸಾಕು" ಅಂತ ಹೇಳುವುದು ಯಾರು?

ಬದಿಯಡ್ಕದ ಅಕ್ಕ:
ಕಳೆದ ವಾರ ಚಾಲಿ ಅಡಿಕೆ ಸುಲಿಯುವಾಗ ಕತ್ತಿ ಜಾರಿ ಎಡಗೈ ಹೆಬ್ಬೆರಳಿನ ಬುಡ ಸೀಳಿತು. ತೊಳೆದು ಕಟ್ಟು ಕಟ್ಟಿಸಿ ಟಿಟಿ ಹಾಕಿಸಿಕೊಂಡು ಬಂದೆ. ಮರುದಿನ ಬೆರಳು ಕೆಂಪು, ಬಿಸಿ, ಕದಳಿ ಬಾಳೆಹಣ್ಣಿನಷ್ಟು ದಪ್ಪ. ನಾಲ್ಕನೇ ದಿನಕ್ಕೆ ಊತ ಇಳಿದು ಚರ್ಮ ಸುಕ್ಕುಸುಕ್ಕಾಯಿತು. ಕೀವು ಆಗಲಿಲ್ಲ.

ಮಗಳು ಪ್ಲಸ್ ಟು, ಬಯಾಲಜಿ ಓದುತ್ತಾಳೆ. ಬಿಳಿ ರಕ್ತಕಣಗಳು ಗಾಯಕ್ಕೆ ಓಡಿ ಬರುವುದು ಅವಳಿಗೆ ಬಾಯಿಪಾಠ. "ಸಾಕು ಅಂತ ಅವಕ್ಕೆ ಹೇಳುವುದು ಯಾರಮ್ಮ?" ಅಂತ ಕೇಳಿದಳು. ಕೀಟಾಣು ಮುಗಿದ ಮೇಲೆ ತನ್ನಷ್ಟಕ್ಕೇ ನಿಲ್ಲುತ್ತದೆ ಅಂದೆ. ಆದರೆ ಬಾವಿಯಲ್ಲಿ ನೀರು ಮುಗಿಯಿತು ಅಂತ ನಮ್ಮ ಪಂಪು ತನ್ನಷ್ಟಕ್ಕೇ ನಿಂತದ್ದುಂಟಾ? ಕಾಯಿಲ್ ಸುಟ್ಟದ್ದೇ ಉಂಟು. ಯಾರಾದರೂ ಬಲ್ಲವರು ಹೇಳಿ.

ಪೆರ್ಲದ ತೋಟದವ:
ಅಕ್ಕ, ಟ್ಯಾಂಕಿಗೆ ಫ್ಲೋಟ್ ವಾಲ್ವ್ ಇರುವುದಿಲ್ವಾ, ಹಾಗೇ ಎಂತದೋ ಇರಬೇಕು. ದಿನಾ ಅಮೃತಬಳ್ಳಿ ಕಷಾಯ ಕುಡಿಯಿರಿ, ಇಮ್ಯುನಿಟಿ ಜಾಸ್ತಿ ಆದಷ್ಟೂ ಒಳ್ಳೆಯದು.

ಕುಂಬಳೆಯವ, ಈಗ ಬೆಂಗಳೂರು:
ನಾನು ಲ್ಯಾಬಿನಲ್ಲಿ ಇದೇ ಕೆಲಸ ಮಾಡುವವ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಫ್ಲೋಟ್ ವಾಲ್ವ್ ಹೋಲಿಕೆ ಚೆನ್ನಾಗಿದೆ. ಆದರೆ ವಾಲ್ವನ್ನು ನಾವು ಮೊದಲೇ ತಂದು ಕೂರಿಸಿರುತ್ತೇವೆ. ಜೀವಕೋಶದಲ್ಲಿ ಹಾಗಲ್ಲ. ಪಂಪು ಶುರುವಾದ ಮೇಲೆ ಅದೇ ಪಂಪು ಹೋಗಿ ವಾಲ್ವಿಗೆ ಆರ್ಡರ್ ಕೊಡುತ್ತದೆ!

ಎನ್‌ಎಫ್-ಕಪ್ಪಾಬಿ ಅಂತ ಒಂದು ಪ್ರೊಟೀನ್. ಉರಿಯೂತದ ಜೀನುಗಳನ್ನು ಆನ್ ಮಾಡುವುದು ಇದು. ಸುಮ್ನೆ ಇರುವಾಗ ಐ-ಕಪ್ಪಾಬಿ ಅನ್ನುವ ಇನ್ನೊಂದು ಪ್ರೊಟೀನ್ ಇದನ್ನು ಕೋಶಕೇಂದ್ರದ ಹೊರಗೆ ಹಿಡಿದುಕೊಂಡಿರುತ್ತದೆ. ಬ್ಯಾಕ್ಟೀರಿಯಾದ ಚೂರು ಸಿಕ್ಕಿತೋ, ಐ-ಕಪ್ಪಾಬಿ ನಾಶ. ಹಿಡಿತ ತಪ್ಪಿದ ಎನ್‌ಎಫ್-ಕಪ್ಪಾಬಿ ಕೋಶಕೇಂದ್ರದ ಒಳಗೆ ಓಡಿ ಟಿಎನ್‌ಎಫ್ (ಉರಿಯೂತ ಜೋರು ಮಾಡುವ ಸಂದೇಶದ ಪ್ರೊಟೀನ್) ಮುಂತಾದವುಗಳ ಜೀನುಗಳನ್ನು ಎಬ್ಬಿಸುತ್ತದೆ. ಹಾಗೆ ಎಬ್ಬಿಸುವ ಜೀನುಗಳಲ್ಲಿ ಐ-ಕಪ್ಪಾಬಿಯದ್ದೂ ಒಂದು. ಹೊಸದಾಗಿ ತಯಾರಾದ ಐ-ಕಪ್ಪಾಬಿ ಒಳಗೆ ಹೋಗಿ ಎನ್‌ಎಫ್-ಕಪ್ಪಾಬಿಯನ್ನು ಡಿಎನ್‌ಎ ಮೇಲಿಂದ ಕಿತ್ತು ಹೊರಗೆ ಎಳೆದು ತರುತ್ತದೆ.

ನಾನು ಮೊದಲ ಸಲ ಈ ಪ್ರಯೋಗ ಮಾಡಿದಾಗ ಎಲ್ಲ ಹಾಳಾಯಿತು ಅಂದುಕೊಂಡಿದ್ದೆ. ಇಲಿಯ ಮ್ಯಾಕ್ರೋಫೇಜ್ ಅನ್ನುವ, ಕೀಟಾಣು ನುಂಗುವ ಕೋಶಗಳಿಗೆ ಎಲ್‌ಪಿಎಸ್, ಅಂದರೆ ಬ್ಯಾಕ್ಟೀರಿಯಾದ ಹೊರಪದರದ ಚೂರು, ಹಾಕಿ ಹೊತ್ತುಹೊತ್ತಿಗೆ ಐ-ಕಪ್ಪಾಬಿ ಎಷ್ಟುಂಟು ನೋಡಬೇಕಿತ್ತು. ಬ್ಲಾಟ್ ಅಂದರೆ ಪ್ರೊಟೀನ್ ಎಷ್ಟುಂಟು ಅಂತ ಗೀಟಿನಲ್ಲಿ ತೋರಿಸುವ ಪರೀಕ್ಷೆ, ಗೀಟು ಕಪ್ಪಾದಷ್ಟೂ ಪ್ರೊಟೀನ್ ಜಾಸ್ತಿ. ಮೊದಲ ಗೀಟು ಕಪ್ಪಗೆ. 15 ನಿಮಿಷದ್ದು ಮಸುಕು. 30 ನಿಮಿಷದ್ದು ಇಲ್ಲವೇ ಇಲ್ಲ. ಒಂದೂವರೆ ಗಂಟೆಯದ್ದರಲ್ಲಿ ಮತ್ತೆ ಕಪ್ಪು ಗೀಟು. ಸ್ಯಾಂಪಲ್ ಅದಲು ಬದಲು ಮಾಡಿದ್ದೇನೆ ಅಂತ ಹೆದರಿ ಇನ್ನೊಮ್ಮೆ ಓಡಿಸಿದೆ. ಅದೇ ಚಿತ್ರ. ಸೀನಿಯರ್ ನಕ್ಕರು.

ಇದೊಂದೇ ಬ್ರೇಕ್ ಅಲ್ಲ. ಟಿಟಿಪಿ ಅಂತ ಒಂದು ಪ್ರೊಟೀನ್ ಟಿಎನ್‌ಎಫ್ ಮಾಡಲು ಹೊರಟ ಆರ್‌ಎನ್‌ಎಗೆ ಅಂಟಿಕೊಂಡು ಅದನ್ನು ಬೇಗ ಹಾಳಾಗುವಂತೆ ಮಾಡುತ್ತದೆ. ಎ20 ಅಂತ ಇನ್ನೊಂದು. 1990ರಲ್ಲಿ ವಿಶ್ವ ದೀಕ್ಷಿತ್ ಅವರ ಲ್ಯಾಬ್ ಇದರ ಜೀನನ್ನು ಗುರುತಿಸಿತು. ಕೋಶದೊಳಗೆ ಸುದ್ದಿ ದಾಟಿಸಲು ಯುಬಿಕ್ವಿಟಿನ್ ಅನ್ನುವ ಪುಟ್ಟ ಪ್ರೊಟೀನಿನ ಸರಪಳಿ ಬೇಕು. ಎ20 ಕೆಲವು ಸರಪಳಿ ಬದಲಿಸುತ್ತದೆ, ಕೆಲವು ಕಡೆ ಸುಮ್ನೆ ಮೇಲೆ ಕೂತು ಅಡ್ಡ ಬರುತ್ತದೆ. ಎ20 ತಯಾರಿಸಲು ಆರ್ಡರ್ ಕೊಡುವುದೂ ಎನ್‌ಎಫ್-ಕಪ್ಪಾಬಿಯೇ.

ಇನ್ನು ನಿಮ್ಮ ಬೆರಳಿಗೆ ಓಡಿ ಬಂದ ನ್ಯೂಟ್ರೋಫಿಲ್‌ಗಳು, ಅಂದರೆ ಒಂದು ಬಗೆಯ ಬಿಳಿ ರಕ್ತಕಣಗಳು. ಮಗಳಿಗೆ ಹೇಳಿ, ಹೆಚ್ಚಿನವು ವಾಪಸ್ ಹೋಗುವುದಿಲ್ಲ, ಅಲ್ಲೇ ಸಾಯುತ್ತವೆ. ಮ್ಯಾಕ್ರೋಫೇಜ್‌ಗಳು ಅವುಗಳನ್ನು ನುಂಗುತ್ತವೆ. ಹಾಗೆ ನುಂಗಿದ ಮ್ಯಾಕ್ರೋಫೇಜ್ ಐಎಲ್-10ರಂಥ ಉರಿ ತಣಿಸುವ ಸಂದೇಶ ಬಿಡುತ್ತದೆ.

ಪೆರ್ಲದ ಅಣ್ಣ, ಕಷಾಯದ ಬಗ್ಗೆ ಜಗಳ ಇಲ್ಲ, ನಮ್ಮಮ್ಮನೂ ಕುಡಿಸಿದ್ದಾರೆ. "ಜಾಸ್ತಿ ಆದಷ್ಟೂ ಒಳ್ಳೆಯದು" ಅಂದದ್ದು ಮಾತ್ರ ತಪ್ಪು. ಎ20 ಇಲ್ಲದ ಇಲಿಮರಿಗಳು ಮೈಯೆಲ್ಲ ಉರಿಯೂತವಾಗಿ ಎಳವೆಯಲ್ಲೇ ಸತ್ತದ್ದು 2000ದಲ್ಲಿ ವರದಿಯಾಯಿತು. ಮನುಷ್ಯರಲ್ಲೂ ಉಂಟು. ಎ20 ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿರುವವರಿಗೆ ಚಿಕ್ಕಂದಿನಿಂದಲೇ ಬಾಯಿಹುಣ್ಣು, ಜ್ವರ ಮತ್ತೆ ಮತ್ತೆ ಬರುತ್ತದೆ ಅಂತ 2016ರಲ್ಲಿ ಗೊತ್ತಾಯಿತು.

ಉಪ್ಪಳದ ನರ್ಸ್:
ಒಂದು ಮಾತು ಸೇರಿಸುತ್ತೇನೆ. ನಾವು ಕೊಡುವ ಸ್ಟೀರಾಯ್ಡ್ ಕೂಡ ಇದೇ ಎನ್‌ಎಫ್-ಕಪ್ಪಾಬಿಯ ಜೋರು ಕಡಿಮೆ ಮಾಡುತ್ತದೆ. ಕೋವಿಡ್ ಹೊತ್ತಿನಲ್ಲಿ, 2020ರಲ್ಲಿ, ಆಕ್ಸಿಜನ್ ಬೇಕಾದವರಿಗೆ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಜೀವ ಉಳಿಸಿತು. ಆಕ್ಸಿಜನ್ ಬೇಡದವರಿಗೆ ಲಾಭ ಕಾಣಲಿಲ್ಲ. ಹಾಗಾಗಿ ಊತ ಕಂಡ ಕೂಡಲೇ ಮೆಡಿಕಲಿನಿಂದ ತಂದು ನುಂಗಬೇಡಿ ಮಾರಾಯ್ರೇ. ಅಕ್ಕ, ಮತ್ತೆ ಊದಿದರೆ, ಕೈಯ ಮೇಲಕ್ಕೆ ಕೆಂಪು ಗೆರೆ ಹತ್ತಿದರೆ ಅದೇ ದಿನ ಡಾಕ್ಟರಿಗೆ ತೋರಿಸಿ.

ಬದಿಯಡ್ಕದ ಅಕ್ಕ:
ಊತ ಇಲ್ಲ, ಈಗ ಬರೀ ತುರಿಕೆ. ಮಗಳಿಗೆ ಓದಿ ಹೇಳಿದೆ. ಗೀಟು ಹೋಗಿ ವಾಪಸ್ ಬಂದದ್ದು ಕೇಳಿ ಬಾಯಿ ಬಿಟ್ಟು ಕೂತಳು. ಆಮೇಲೆ ಹೊಸ ತಕರಾರು. ಹಾಗಾದರೆ ಐ-ಕಪ್ಪಾಬಿ ತಯಾರಾಗುತ್ತಲೇ ಇರುತ್ತದಾ? ಅದನ್ನು ನಿಲ್ಲಿಸುವುದು ಯಾರು ಅಂತ.

ಕುಂಬಳೆಯವ, ಈಗ ಬೆಂಗಳೂರು:
ಒಳ್ಳೆ ಪ್ರಶ್ನೆ! ಆರ್ಡರ್ ಕೊಟ್ಟವನನ್ನೇ ಹೊರಗೆ ಎಳೆದು ತಂದಿದೆ ಅಲ್ವಾ? ಅಲ್ಲಿಗೆ ಅದರ ಆರ್ಡರೂ ಇಳಿಯಿತು. ಬ್ಯಾಕ್ಟೀರಿಯಾ ಇನ್ನೂ ಇದ್ದರೆ ಹೊಸ ಐ-ಕಪ್ಪಾಬಿಯೂ ನಾಶ, ಎಲ್ಲ ಮತ್ತೆ ಮೊದಲಿನಿಂದ.